ಸಾಲ ಕಂಪೆನಿಯದು, ಸಹಿ ಯಾರದು?

ಊರು ಬಿಟ್ಟು ಬಂದು ಮಹಾನಗರದಲ್ಲಿ ಬೇರೂರಿದ ನಮ್ಮವರಲ್ಲಿ ಎಷ್ಟೋ ಮಂದಿ ಮೊದಲು ನೌಕರಿ, ಆಮೇಲೆ ಪಾಲುಗಾರಿಕೆ, ಅದಾದ ಮೇಲೆ ಕಂಪೆನಿ ಎಂಬ ಮೂರು ಮೆಟ್ಟಿಲುಗಳನ್ನು ಹತ್ತಿದವರು. ಮೂರನೆಯ ಮೆಟ್ಟಿಲಿಗೆ ಕಾಲಿಡುವಾಗ ಲೆಕ್ಕಪತ್ರದ ಮಹಾಶಯರು ಒಂದು ಕಂತೆ ಕಾಗದವನ್ನು ಮುಂದಿಡುತ್ತಾರೆ. ಪ್ರೈವೇಟ್ ಲಿಮಿಟೆಡ್ ಕಂಪೆನಿಗೆ ಕನಿಷ್ಠ ಇಬ್ಬರು ಡೈರೆಕ್ಟರುಗಳಿರಬೇಕೆಂಬುದು ಕಾಯ್ದೆ. ಒಬ್ಬನು ಯಜಮಾನನೇ ಸರಿ, ಇನ್ನೊಬ್ಬರು ಯಾರು? ಮನೆಯಾಕೆ, ಇಲ್ಲವೆ ತಮ್ಮ, ಅದೂ ಇಲ್ಲವಾದರೆ ಊರಿನಿಂದ ಬಂದ ಭಾವಮೈದುನ. ‘ಬರೀ ಹೆಸರಿಗೆ’ ಎಂಬ ಮಾತಿನೊಡನೆ ಅಡಿಗೆಮನೆಯ ಬಾಗಿಲಲ್ಲೇ ಸಹಿ ಬೀಳುತ್ತದೆ. ಮರುದಿನ ಅಂಗಡಿಯ ಫಲಕದ ಮೇಲೆ ‘ಲಿಮಿಟೆಡ್’ ಎಂಬ ಹೊಸ ಪದ ಕಾಣಿಸಿಕೊಳ್ಳುತ್ತದೆ. ಆ ಪದದ ಅರ್ಥವೇನೆಂದು ವಿಚಾರಿಸುವ ಪ್ರಸಂಗ ಕಂಪೆನಿ ನಡೆಯುವಾಗ ಬರುವುದಿಲ್ಲ, ಮುಳುಗುವಾಗ ಬರುತ್ತದೆ.

ಮುಳುಗಿದ ಕಂಪೆನಿಯ ಸಾಲವನ್ನು ಅದನ್ನು ನಡೆಸಿದವನು ತನ್ನ ಕೈಯಿಂದ ತೀರಿಸಬೇಕೇ? ಕಾನೂನಿನ ಉತ್ತರ ವಕೀಲರ ಬಳಿ ಸಿಕ್ಕೀತು. ಧರ್ಮದ ಉತ್ತರ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಎರಡೂ ಒಂದೇ ಆಗಿರಬೇಕಾಗಿಲ್ಲ, ಆದರೆ ಎರಡರ ನಡುವಿನ ಅಂತರ ಎಷ್ಟಿರಬಹುದೆಂಬುದನ್ನು ನಾವು ಯೋಚಿಸಬೇಕಾಗಿದೆ.

ಋಣದ ವಿಚಾರದಲ್ಲಿ ನಮ್ಮ ಹಿರಿಯರದು ಬಿಗಿಯಾದ ಪಟ್ಟು. ತಂದೆಯ ಸಾಲ ಮಗನಿಗೆ ಅಂಟಿಬರುವುದು ಹಿಂದೂ ನ್ಯಾಯದ ಹಳೆಯ ಮಾತು. ಆ ನ್ಯಾಯದ ದೊಡ್ಡ ಗ್ರಂಥವಾದ ಮಿತಾಕ್ಷರವನ್ನು ವಿಜ್ಞಾನೇಶ್ವರನು ಬರೆದುದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಎಂಬುದು ಕನ್ನಡಿಗರಾದ ನಮಗೆ ಅಭಿಮಾನದ ಸಂಗತಿ. ಆದರೆ ಅದು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ವಿನಾಯಿತಿಗಳಿವೆ. ಕುಡಿತಕ್ಕಾಗಿ, ಜೂಜಿಗಾಗಿ, ಕಾಮಕ್ಕಾಗಿ ಮಾಡಿದ ಸಾಲ, ಬಾಕಿ ಉಳಿದ ದಂಡ ಮತ್ತು ಸುಂಕ, ವ್ಯರ್ಥ ದಾನದ ಮಾತು, ಇವುಗಳಿಗೆ ಮಗನು ಹೊಣೆಯಲ್ಲ. ಎಂದರೆ ಸಾಲವೆಲ್ಲ ಒಂದೇ ಜಾತಿಯದಲ್ಲ, ಅದು ಹುಟ್ಟಿದ ಬಗೆಯನ್ನು ನೋಡಬೇಕು ಎಂಬ ವಿವೇಕ ಆಗಲೇ ಇತ್ತು. 2005ರ ತಿದ್ದುಪಡಿಯ ತರುವಾಯದ ಸಾಲಗಳ ಮಟ್ಟಿಗೆ ಮಗನ ಈ ಪವಿತ್ರ ಹೊಣೆಯನ್ನು ಕಾನೂನು ಕೈಬಿಟ್ಟಿದೆ. ಕಾನೂನು ಕೈಬಿಟ್ಟರೂ ಮನಸ್ಸು ಬಿಟ್ಟಿಲ್ಲ. ತಂದೆ ತೀರಿಕೊಂಡ ಮೇಲೆ ಊರಿಗೆ ಹೋಗಿ, ಕೈಬರಹದ ಚೀಟಿ ಸಹ ಇಲ್ಲದ ಸಾಲವನ್ನು ಎಣಿಸಿಕೊಟ್ಟು ಬಂದವರು ನಮ್ಮ ನಡುವೆ ಇನ್ನೂ ಇದ್ದಾರೆ.

ಇಂಥ ಮನಸ್ಸಿನವರ ನಡುವೆ ಸೀಮಿತ ಹೊಣೆಯ ಕಂಪೆನಿ ಬಂದಿತು. ಇಂಗ್ಲೆಂಡಿನಲ್ಲಿ 1855ರಲ್ಲಿ, ಭಾರತದಲ್ಲಿ 1857ರ ಕಾಯ್ದೆಯಿಂದ. ಷೇರು ಕೊಂಡವನು ಕೊಟ್ಟ ಹಣ ಹೋದರೆ ಹೋಯಿತು, ಅದರಾಚೆಗೆ ಅವನ ಮನೆಮಾರು ಮುಟ್ಟುವಂತಿಲ್ಲ. ಇದನ್ನು ಮೋಸದ ಉಪಾಯವೆಂದು ಬೈಯುವುದು ಅವಿವೇಕ. ಈ ಏರ್ಪಾಡಿಲ್ಲದೆ ಗಿರಣಿಗಳೂ ರೈಲುದಾರಿಗಳೂ ಏಳುತ್ತಿರಲಿಲ್ಲ. ಹತ್ತು ಷೇರು ಕೊಂಡ ವಿಧವೆಯೊಬ್ಬಳು ಗಿರಣಿಯ ಸಾಲಕ್ಕೆಲ್ಲ ಹೊಣೆಯಾಗಬೇಕೆನ್ನುವುದರಲ್ಲಿ ಯಾವ ನ್ಯಾಯವೂ ಇಲ್ಲ. ಆದರೆ ಷೇರುದಾರ ಬೇರೆ, ಡೈರೆಕ್ಟರು ಬೇರೆ. ಒಬ್ಬನು ಹಣ ಕೊಟ್ಟು ದೂರ ಕುಳಿತವನು. ಇನ್ನೊಬ್ಬನ ಕೈಯಲ್ಲಿ ಲೇಖನಿಯಿದೆ, ಚೆಕ್ ಪುಸ್ತಕವಿದೆ, ನಾಳೆಯ ಸರಕಿಗೆ ಇಂದು ಕಡ ಹೇಳುವ ಅಧಿಕಾರವಿದೆ. ನಮ್ಮ ಬಹುಪಾಲು ಸಣ್ಣ ಕಂಪೆನಿಗಳಲ್ಲಿ ಈ ಇಬ್ಬರೂ ಒಬ್ಬನೇ ಆಗಿರುವುದರಿಂದ ಗೊಂದಲ ಹುಟ್ಟುತ್ತದೆ.

ಈ ಗೊಂದಲ ಪೂರ್ಣರೂಪದಲ್ಲಿ ನ್ಯಾಯಾಲಯಕ್ಕೆ ಬಂದದ್ದು ಲಂಡನ್ನಿನ ವೈಟ್‌ಚ್ಯಾಪಲ್ ಹೈಸ್ಟ್ರೀಟಿನ ಒಬ್ಬ ಬೂಟು ತಯಾರಕನ ಮೂಲಕ. ಏರನ್ ಸಾಲೊಮನ್ ಎಂಬ ಆತ ಬಹಳ ವರ್ಷ ದುಡಿದು ವ್ಯಾಪಾರ ಕಟ್ಟಿದ್ದ. ಮಕ್ಕಳು ಪಾಲು ಕೇಳತೊಡಗಿದರು. 1892ರಲ್ಲಿ ಕಂಪೆನಿ ಮಾಡಿದ. ಆಗ ಏಳು ಮಂದಿ ಸದಸ್ಯರಿರಬೇಕಾಗಿತ್ತು: ತಾನು, ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳು. ಅವನ ಕೈಯಲ್ಲಿ 20,001 ಷೇರುಗಳು, ಉಳಿದ ಆರು ಮಂದಿಗೆ ಒಂದೊಂದು. ತನ್ನ ವ್ಯಾಪಾರವನ್ನು ಸುಮಾರು 39,000 ಪೌಂಡಿಗೆ ತನ್ನದೇ ಕಂಪೆನಿಗೆ ಮಾರಿದ. ಬೆಲೆಯ ಒಂದು ಭಾಗವಾಗಿ 10,000 ಪೌಂಡಿನ ಡಿಬೆಂಚರು, ಅಂದರೆ ಆಸ್ತಿಯ ಮೇಲೆ ಅಡವಿನ ಹಕ್ಕುಳ್ಳ ಸಾಲಪತ್ರ, ಬರೆಸಿಕೊಂಡ. ಹಳೆಯ ವ್ಯಾಪಾರಕ್ಕೆ ಸಾಲ ಕೊಟ್ಟಿದ್ದವರಿಗೆಲ್ಲ ಪೂರ್ತಿ ಹಣ ಸಂದಾಯವಾಯಿತು ಎಂಬುದನ್ನು ಮರೆಯಬಾರದು. ಆಮೇಲೆ ಬೂಟಿನ ವ್ಯಾಪಾರ ಇಳಿಯಿತು, ಮುಷ್ಕರಗಳಾದವು, ಸರ್ಕಾರದ ಕಂತ್ರಾಟುಗಳು ಹಲವು ಅಂಗಡಿಗಳಿಗೆ ಹಂಚಿಹೋದವು. ಸಾಲೊಮನ್ ತನ್ನ ಡಿಬೆಂಚರುಗಳನ್ನೇ ಬ್ರಾಡರಿಪ್ ಎಂಬವನಲ್ಲಿ ಒತ್ತೆಯಿಟ್ಟು 5,000 ಪೌಂಡು ತಂದು ಕಂಪೆನಿಗೆ ಸುರಿದ. 1893ರಲ್ಲಿ ಕಂಪೆನಿ ಬಿದ್ದಿತು. ಅಡವಿನವರ ಲೆಕ್ಕ ಮುಗಿದಾಗ, ಅಡವಿಲ್ಲದೆ ಸರಕು ಕೊಟ್ಟ ವ್ಯಾಪಾರಿಗಳ ಸುಮಾರು 7,700 ಪೌಂಡಿಗೆ ಏನೂ ಉಳಿಯಲಿಲ್ಲ.

ಕೆಳಗಿನ ಎರಡು ನ್ಯಾಯಾಲಯಗಳು ಸಾಲೊಮನ್ನನಿಗೆ ವಿರುದ್ಧವಾಗಿ ಹೇಳಿದವು: ಇದು ಕಂಪೆನಿಯೇ ಅಲ್ಲ, ಸೋಗು, ಸಾಲವೆಲ್ಲ ಆತನದೇ. ಆದರೆ 1896ರ ನವೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಒಮ್ಮತದಿಂದ ಅದನ್ನು ತಿರುಗಿಸಿತು. ಕಾಯ್ದೆಯ ಪ್ರಕಾರ ನೋಂದಾವಣೆಯಾದ ಮೇಲೆ ಕಂಪೆನಿ ಬೇರೆಯೇ ವ್ಯಕ್ತಿ, ಮೋಸ ಸಿದ್ಧವಾಗಿಲ್ಲ, ಅದರ ಸಾಲ ಅದರದು, ಸಾಲೊಮನ್ನನದಲ್ಲ. ಕಂಪೆನಿಯ ಜೊತೆ ವ್ಯವಹರಿಸಿದವರು ವಿಚಾರಿಸಿಕೊಳ್ಳಬಹುದಿತ್ತು ಎಂಬುದೂ ಅಲ್ಲಿ ಬಂದ ಮಾತು. ಇಂದಿಗೂ ಭಾರತದ ಕಂಪೆನಿ ಕಾನೂನಿನ ಅಡಿಗಲ್ಲು ಈ ತೀರ್ಪೇ.

ಅದೇ 1896ನೆಯ ಇಸವಿಯ ಜನವರಿಯಲ್ಲಿ, ನಮ್ಮ ಮುಂಬಯಿಗೆ ಒಬ್ಬ ಪ್ರಯಾಣಿಕ ಬಂದಿಳಿದು ವ್ಯಾಟ್ಸನ್ ಹೋಟೆಲಿನಲ್ಲಿ ತಂಗಿದ. ಕಾಲಾಘೋಡಾದ ಹತ್ತಿರದ ಆ ಕಬ್ಬಿಣದ ಚೌಕಟ್ಟಿನ ಕಟ್ಟಡವನ್ನು ಓದುಗರಲ್ಲಿ ಹಲವರು ಬಲ್ಲರು. ಪ್ರಯಾಣಿಕ ಮಾರ್ಕ್ ಟ್ವೈನ್. ಆತ ಬಂದದ್ದು ವಿನೋದಕ್ಕಲ್ಲ. ಆತ ಬಂಡವಾಳ ಹೂಡಿದ್ದ ಚಾರ್ಲ್ಸ್ ವೆಬ್‌ಸ್ಟರ್ ಪ್ರಕಾಶನ ಸಂಸ್ಥೆ 1894ರಲ್ಲಿ ಬಿದ್ದುಹೋಗಿತ್ತು. ಅದು ಪಾಲುಗಾರಿಕೆಯಾದುದರಿಂದ ಹೊಣೆ ಆತನ ಮೇಲಿತ್ತು ನಿಜ. ಆದರೆ ದಿವಾಳಿಯ ದಾರಿ ಹಿಡಿದು, ಸಿಕ್ಕಷ್ಟು ಕೊಟ್ಟು ಕೈತೊಳೆದುಕೊಳ್ಳಬಹುದಾಗಿತ್ತು. ಪೂರ್ತಿ ತೀರಿಸಬೇಕೆಂದು ಹೆಂಡತಿ ಒಲಿವಿಯಾಳ ಹಟ. ಅರುವತ್ತರ ಪ್ರಾಯದಲ್ಲಿ ಆಸ್ಟ್ರೇಲಿಯಾ, ಸಿಲೋನ್, ಭಾರತ, ದಕ್ಷಿಣ ಆಫ್ರಿಕಾಗಳಲ್ಲಿ ಊರೂರಿಗೆ ಭಾಷಣ ಮಾಡುತ್ತ ಹಣ ಕೂಡಿಸಿದ. ಆ ಪ್ರವಾಸ ಮುಗಿದ ಹೊತ್ತಿಗೆ, ಮನೆಯಲ್ಲಿ ಬಿಟ್ಟುಬಂದಿದ್ದ ಮಗಳು ಸೂಸಿ ತೀರಿಕೊಂಡಳು. 1898ರ ಮೊದಲಲ್ಲಿ ಸಾಲವೆಲ್ಲ ತೀರಿತು.

ನೀತಿಬೋಧೆಯ ಪುಸ್ತಕದಲ್ಲಾದರೆ ಇಲ್ಲಿಗೆ ನಿಲ್ಲಿಸಿ, ಟ್ವೈನ್ ಮಹಾನುಭಾವ, ಸಾಲೊಮನ್ ಕಪಟಿ ಎನ್ನಬಹುದು. ನಮಗೆ ಅಷ್ಟು ಸರಳವಾಗಿ ತೋರುವುದಿಲ್ಲ. ಸಾಲೊಮನ್ ಹಣ ಬಚ್ಚಿಡಲಿಲ್ಲ. ಮುಳುಗುವ ದೋಣಿಗೆ ತನ್ನದನ್ನೂ ಹಾಕಿದ. ಮೇಲಿನ ನ್ಯಾಯಾಲಯಕ್ಕೆ ಹೋಗುವಾಗ ಶುಲ್ಕ ಕಟ್ಟಲಾರದ ಬಡವನೆಂದು ಅರ್ಜಿ ಸಲ್ಲಿಸಬೇಕಾದ ಸ್ಥಿತಿಯಲ್ಲಿದ್ದ. ಇತ್ತ ಟ್ವೈನನ ವ್ಯವಹಾರ ನೋಡಿಕೊಳ್ಳುತ್ತಿದ್ದ ಸ್ಟ್ಯಾಂಡರ್ಡ್ ಆಯಿಲಿನ ರೋಜರ್ಸ್, ಪುಸ್ತಕಗಳ ಹಕ್ಕುಗಳನ್ನು ಹೆಂಡತಿಯ ಹೆಸರಿಗೆ ಬರೆಸಿ, ಸಾಲ ಕೊಟ್ಟವರ ಕೈಗೆ ಸಿಗದಂತೆ ನೋಡಿಕೊಂಡ. ಆ ಹಕ್ಕುಗಳು ಉಳಿದದ್ದರಿಂದಲೇ ಮುಂದೆ ತೀರಿಸಲು ಸಾಧ್ಯವಾಯಿತು ಎಂದೂ ವಾದಿಸಬಹುದು. ಅದಿರಲಿ. ಟ್ವೈನನ ಮಾತು ಕೇಳಲು ನಾಲ್ಕು ಖಂಡಗಳ ಜನ ದುಡ್ಡು ಕೊಟ್ಟು ಬರುತ್ತಿದ್ದರು. ಬೂಟು ಹೊಲಿಯುವವನ ಮಾತು ಕೇಳಲು ಯಾರು ಬರುತ್ತಾರೆ? ಬಿದ್ದವನು ಸಾಯುವತನಕ ಗಾಣದೆತ್ತಿನಂತೆ ತಿರುಗಿ ಎಲ್ಲವನ್ನೂ ತೀರಿಸಲಿ ಎಂಬ ನೀತಿ, ಪ್ರತಿಭಾವಂತರಿಗೆ ಮಾತ್ರ ಹೊಂದುವ ನೀತಿ. ಎಲ್ಲರ ಮೇಲೂ ಹೇರಿದರೆ ಅದು ಕ್ರೌರ್ಯವಾಗುತ್ತದೆ; ಅವನ ಮಕ್ಕಳ ಶಾಲೆಯ ಫೀಸು ಅದರಲ್ಲಿ ಹೋಗುತ್ತದೆ.

ಹಾಗಾದರೆ ಗೆರೆ ಎಲ್ಲಿ? ಸಾಲ ಎಷ್ಟು ಎಂಬುದರಲ್ಲಿ ಅಲ್ಲ, ಸಾಲ ಯಾವಾಗ ಆಯಿತು ಎಂಬುದರಲ್ಲಿ ಎಂದು ನಮಗೆ ಅನಿಸುತ್ತದೆ.

ಒಂದು ಉಪಾಹಾರ ಗೃಹವನ್ನು ಕಲ್ಪಿಸಿಕೊಳ್ಳೋಣ. ನಮ್ಮವರಿಗೆ ಹತ್ತಿರದ ಉದಾಹರಣೆ. ಎರಡು ಶಾಖೆ ಚೆನ್ನಾಗಿ ನಡೆದವು, ಮೂರನೆಯದನ್ನು ದೊಡ್ಡ ಬಾಡಿಗೆಗೆ ಹಿಡಿದರು. ಮೊದಲ ವರ್ಷದ ಸಾಲ ನಂಬಿಕೆಯ ಸಾಲ. ಕೊಟ್ಟವನೂ ನಂಬಿದ, ಪಡೆದವನೂ ನಂಬಿದ. ಆ ಲೆಕ್ಕ ತಪ್ಪಿದರೆ ಅದು ವ್ಯಾಪಾರದ ನಷ್ಟ, ಪಾಪವಲ್ಲ. ಆದರೆ ಒಂದು ದಿನ ಬರುತ್ತದೆ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಯಜಮಾನ ಲೆಕ್ಕ ಹಾಕುತ್ತಾನೆ; ಬರುವುದನ್ನೆಲ್ಲ ಕೂಡಿಸಿದರೂ ಕೊಡಬೇಕಾದುದರ ಅರ್ಧ ಆಗುವುದಿಲ್ಲ. ಅವನಿಗೆ ತಿಳಿಯುತ್ತದೆ. ಮರುದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಹಾಲಿನವನು ಎಂದಿನಂತೆ ಕ್ಯಾನು ಇಳಿಸುತ್ತಾನೆ. ‘ತಿಂಗಳ ಕೊನೆಗೆ ಕೊಡುತ್ತೇನೆ’ ಎಂಬ ಮಾತು ನಿನ್ನೆಯವರೆಗೆ ವ್ಯಾಪಾರದ ಮಾತು. ಇಂದು ಅದೇ ಮಾತು ಬೇರೆ ಏನೋ ಆಗಿದೆ. ಶಬ್ದಗಳು ಬದಲಾಗಿಲ್ಲ, ಧ್ವನಿಯೂ ಬದಲಾಗಿಲ್ಲ; ಹಾಲಿನವನಿಗೆ ಗೊತ್ತಾಗುವ ಯಾವ ಚಿಹ್ನೆಯೂ ಇಲ್ಲ. ಸಂಬಳವನ್ನು ಊರಿಗೆ ಹೋಗುವಾಗ ಒಟ್ಟಿಗೆ ಪಡೆಯೋಣವೆಂದು ಯಜಮಾನನ ಕೈಯಲ್ಲೇ ಬಿಟ್ಟ ಹುಡುಗರಿಗೂ ಗೊತ್ತಿಲ್ಲ. ಆ ದಿನದಿಂದ ಆಗುವ ಸಾಲ ಕಂಪೆನಿಯದೆಂದು ಕಾಗದದಲ್ಲಿ ಬರೆದಿದ್ದರೂ, ಅದು ಆ ಮನುಷ್ಯನ ಸಾಲ.

ಯಜಮಾನ ದುಷ್ಟನಾಗಿರಬೇಕಾಗಿಲ್ಲ. ದೀಪಾವಳಿ ಕಳೆದರೆ ಸರಿಹೋದೀತು, ಹೊಸ ಪಾಲುದಾರ ಬಂದಾನು, ಬ್ಯಾಂಕಿನವರು ಒಪ್ಪಿಯಾರು ಎಂದು ಅವನು ಆಸೆಪಡುತ್ತಾನೆ. ವ್ಯಾಪಾರ ಕಟ್ಟಿದವನಿಗೆ ಆಶಾವಾದವೇ ಬಂಡವಾಳ. ಅದಿಲ್ಲದವನು ಊರು ಬಿಟ್ಟು ಬರುತ್ತಲೇ ಇರಲಿಲ್ಲ. ಆದರೆ ತನ್ನ ಹಣದಿಂದ ಆಸೆಪಡುವುದು ಧೈರ್ಯ. ಹಾಲಿನವನ ಹಣದಿಂದ, ಅವನಿಗೆ ಹೇಳದೆ ಆಸೆಪಡುವುದಕ್ಕೆ ಧೈರ್ಯ ಎಂಬ ಹೆಸರು ಸಲ್ಲದು.

ಕಾನೂನು ಈ ಜಾಗಕ್ಕೆ ಬರಲು ಬಹಳ ಕಾಲ ಹಿಡಿಯಿತು. ನಮ್ಮ 1956ರ ಕಂಪೆನಿ ಕಾಯ್ದೆಯ 542ನೆಯ ಕಲಂ ಡೈರೆಕ್ಟರನನ್ನು ವೈಯಕ್ತಿಕವಾಗಿ ಹಿಡಿಯಬೇಕಾದರೆ ವಂಚನೆಯ ಉದ್ದೇಶ ತೋರಿಸಬೇಕಾಗಿತ್ತು. ಮನಸ್ಸಿನೊಳಗಿನ ಉದ್ದೇಶವನ್ನು ತೋರಿಸುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಕಾರ್ಕ್ ಸಮಿತಿಯ 1982ರ ವರದಿಯ ಮೇಲೆ 1986ರ ಕಾಯ್ದೆಯಲ್ಲಿ ಹೊಸ ಮಾತು ಬಂದಿತು: ವಂಚನೆ ಇಲ್ಲದಿದ್ದರೂ ಸರಿ, ಕಂಪೆನಿ ಉಳಿಯುವ ಸಂಭವವಿಲ್ಲವೆಂದು ತಿಳಿದಿದ್ದೂ, ಅಥವಾ ತಿಳಿಯಬೇಕಾಗಿದ್ದೂ, ಸಾಲ ಕೊಟ್ಟವರ ನಷ್ಟ ತಗ್ಗಿಸಲು ಆದದ್ದನ್ನೆಲ್ಲ ಮಾಡದ ಡೈರೆಕ್ಟರನು ಕೈಯಿಂದ ಕೊಡಬೇಕು. ನಮ್ಮ 2016ರ ದಿವಾಳಿ ಸಂಹಿತೆಯ 66ನೆಯ ಕಲಮಿನ ಎರಡನೆಯ ಭಾಗದಲ್ಲಿ ಹೆಚ್ಚುಕಡಿಮೆ ಇದೇ ತತ್ತ್ವವಿದೆ. ‘ಮೋಸ ಮಾಡಿದೆಯಾ?’ ಎಂಬ ಪ್ರಶ್ನೆಯ ಜೊತೆಗೆ ‘ಗೊತ್ತಿತ್ತೇ? ಗೊತ್ತಾಗಬೇಕಿತ್ತೇ? ಗೊತ್ತಾದ ಮೇಲೆ ಏನು ಮಾಡಿದೆ?’ ಎಂಬ ಪ್ರಶ್ನೆಯೂ ಸೇರಿದೆ. ಇದು ಕಾನೂನಿಗಿಂತ ಹೆಚ್ಚಾಗಿ ಮನಸ್ಸಾಕ್ಷಿಯ ಪ್ರಶ್ನೆಯಂತೆ ಕೇಳಿಸುತ್ತದೆ. ಅದಕ್ಕಾಗಿಯೇ ನಮಗೆ ಮೆಚ್ಚುಗೆ. ಬ್ರಿಟನ್ನಿನ ಸುಪ್ರೀಂ ಕೋರ್ಟು 2022ರ ಸೆಕ್ವಾನಾ ತೀರ್ಪಿನಲ್ಲಿ, ದಿವಾಳಿಯ ಅಂಚಿಗೆ ಬಂದ ಕಂಪೆನಿಯ ಡೈರೆಕ್ಟರುಗಳು ಸಾಲ ಕೊಟ್ಟವರ ಹಿತವನ್ನೂ ಗಣಿಸಬೇಕೆಂದೂ, ಆದರೆ ದೂರದ ಅಪಾಯವೊಂದಿದ್ದ ಮಾತ್ರಕ್ಕೆ ಆ ಕರ್ತವ್ಯ ಹುಟ್ಟದೆಂದೂ ಹೇಳಿದೆ. ಆ ಎಚ್ಚರವೂ ಬೇಕು. ಪ್ರತಿಯೊಂದು ಕೆಟ್ಟ ತಿಂಗಳಿಗೂ ಡೈರೆಕ್ಟರನ ಮನೆ ಜಪ್ತಿಯಾಗುವಂತಿದ್ದರೆ, ಸೋಲುವ ಕಂಪೆನಿಯನ್ನು ಎತ್ತಿ ನಿಲ್ಲಿಸಲು ಪ್ರಾಮಾಣಿಕನಾದವನು ಯಾರೂ ಮುಂದೆ ಬರುವುದಿಲ್ಲ.

ಇನ್ನೊಂದು ವಿಪರ್ಯಾಸವಿದೆ. ಸೀಮಿತ ಹೊಣೆ ಎಂಬುದು ಬಲಾಢ್ಯರ ಎದುರಿಗೆ ಬಹುಮಟ್ಟಿಗೆ ಸತ್ತೇಹೋಗಿದೆ. ಸಣ್ಣ ಕಂಪೆನಿಗೆ ಬ್ಯಾಂಕು ಸಾಲ ಕೊಡುವಾಗ ಡೈರೆಕ್ಟರನ ವೈಯಕ್ತಿಕ ಜಾಮೀನು ಬರೆಸಿಕೊಳ್ಳದೆ ಬಿಡುವುದು ಅಪರೂಪ. ಅಲ್ಲಿಗೆ ಸಾಲೊಮನ್ ತೀರ್ಪಿನ ಪರದೆ ಹರಿಯಿತು. 2019ರ ನವೆಂಬರಿನ ಅಧಿಸೂಚನೆ ಕಂಪೆನಿಗಳಿಗೆ ಜಾಮೀನು ನಿಂತವರನ್ನು ದಿವಾಳಿ ಸಂಹಿತೆಯ ಒಳಗೆ ತಂದಿತು. 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಕಂಪೆನಿಯ ಲೆಕ್ಕ ಇತ್ಯರ್ಥವಾದ ಮಾತ್ರಕ್ಕೆ ಜಾಮೀನುದಾರ ಬಿಡುಗಡೆ ಹೊಂದುವುದಿಲ್ಲ ಎಂದಿತು. ಯಾಜ್ಞವಲ್ಕ್ಯನೂ ಜಾಮೀನಿನಲ್ಲಿ ಮೂರು ಬಗೆ ಹೇಳಿ, ಹಣ ತೀರಿಸುತ್ತೇನೆಂದು ನಿಂತ ಜಾಮೀನಿಗೆ ಮಕ್ಕಳೂ ಹೊಣೆ ಎಂದಿದ್ದ. ಮಾತು ಕೊಟ್ಟವನು ಕೊಡಬೇಕು. ಇದರಲ್ಲಿ ನಮಗೆ ತಕರಾರಿಲ್ಲ. ಆದರೆ ಹಾಲಿನವನ ಕೈಯಲ್ಲಿ ಜಾಮೀನು ಪತ್ರವೆಲ್ಲಿದೆ? ಕೇಳುವ ಧೈರ್ಯವೂ ಅವನಿಗಿರಲಿಲ್ಲ. ಕೇಳಿದ್ದರೆ ಬೇರೆ ಹಾಲಿನವನು ಬರುತ್ತಿದ್ದ. ಕಂಪೆನಿಯ ಆಸ್ತಿ ಹಂಚುವಾಗ ಸಂಹಿತೆಯ 53ನೆಯ ಕಲಂ ಕೆಲಸಗಾರರ 24 ತಿಂಗಳ ಬಾಕಿಯನ್ನು ಅಡವಿನವರ ಸರಿಸಮಕ್ಕೆ ಕೂರಿಸಿ ಉಪಕಾರ ಮಾಡಿತು. ಅಡವಿಲ್ಲದೆ ಸರಕು ಕೊಟ್ಟವನು ಮಾತ್ರ ಸರ್ಕಾರದ ಬಾಕಿಯ ಕೆಳಗೆ, ಪಂಕ್ತಿಯ ತುದಿಯಲ್ಲಿ ಎಲೆ ಹಾಕಿಕೊಂಡು ಕುಳಿತಿರುತ್ತಾನೆ. ಅಲ್ಲಿಗೆ ಬಡಿಸುವವರು ಬರುವ ಹೊತ್ತಿಗೆ ಪಾತ್ರೆ ಬರಿದು. ಸಾಲೊಮನ್ನನನ್ನು ಬಿಡುಗಡೆ ಮಾಡಿದ ನ್ಯಾಯಮೂರ್ತಿಗಳಲ್ಲೇ ಒಬ್ಬರಾದ ಮ್ಯಾಕ್ನಾಟನ್, ಡಿಬೆಂಚರಿನವರು ಎಲ್ಲವನ್ನೂ ಗುಡಿಸಿಕೊಂಡು ಹೋಗುವುದನ್ನು ನಾಚಿಕೆಗೇಡೆಂದೇ ಕರೆದಿದ್ದರು.

‘ವಿಚಾರಿಸಿಕೊಳ್ಳಬಹುದಿತ್ತು’ ಎಂಬ ಮಾತು ಬ್ಯಾಂಕಿಗೆ ಸರಿಹೊಂದುತ್ತದೆ. ಬಡ್ಡಿಯಲ್ಲಿ ಅಪಾಯದ ಬೆಲೆ ಕಟ್ಟಿಕೊಂಡವರಿಗೆ ಸರಿಹೊಂದುತ್ತದೆ. ಹಾಲಿನ ಬೆಲೆಯಲ್ಲಿ ಆ ಅಪಾಯದ ಪೈಸೆ ಸೇರಿರುವುದಿಲ್ಲ. ಹಾಗಿರುವಾಗ, ಕೇಳಲಾರದವನ ಬಗ್ಗೆಯೇ ಡೈರೆಕ್ಟರನ ನೈತಿಕ ಹೊಣೆ ಹೆಚ್ಚು, ಕೇಳಿ ಬರೆಸಿಕೊಂಡವನ ಬಗ್ಗೆ ಅಷ್ಟಿಲ್ಲ. ವ್ಯವಹಾರದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ.

ನಮ್ಮ ಬಳಗದಲ್ಲಿ ಇದಕ್ಕೊಂದು ವಿಶೇಷ ರೂಪವಿದೆ, ಹೇಳದೆ ವಿಧಿಯಿಲ್ಲ. ನಮ್ಮವರ ವ್ಯಾಪಾರಕ್ಕೆ ಹಣ ಬರುವುದು ಬ್ಯಾಂಕಿನಿಂದ ಮಾತ್ರವಲ್ಲ; ಅತ್ತೆಯ ಬಳೆ, ಅಣ್ಣನ ನಿವೃತ್ತಿಯ ಗಂಟು, ಸಂಘದಲ್ಲಿ ಪರಿಚಯವಾದವರ ಉಳಿತಾಯ. ಕಂಪೆನಿ ಮುಳುಗುವಾಗ ಕೈಯಲ್ಲಿ ಉಳಿದ ಹಣ ಮೊದಲು ಎಲ್ಲಿಗೆ ಹೋಗುತ್ತದೆ? ಗಣೇಶೋತ್ಸವದಲ್ಲಿ ಯಾರ ಮುಖ ನೋಡಬೇಕೋ ಅವರ ಬಳಿಗೆ. ಉತ್ತರಪ್ರದೇಶದಿಂದ ಬಂದ ಹಾಲಿನವನು ನಮ್ಮ ಉತ್ಸವಕ್ಕೆ ಬರುವುದಿಲ್ಲ. ಸಂಬಂಧಿಕರಿಗೆ ಮೊದಲು ತೀರಿಸುವುದು ಒಳ್ಳೆಯತನವೆಂದೇ ನಾವು ತಿಳಿದಿರುತ್ತೇವೆ. ಸಂಹಿತೆಯ 43ನೆಯ ಕಲಂ ಹಾಗೆ ತಿಳಿಯುವುದಿಲ್ಲ: ಸಂಬಂಧಿಕರ ಮಟ್ಟಿಗೆ ಹಿಂದಿನ ಎರಡು ವರ್ಷ, ಇತರರ ಮಟ್ಟಿಗೆ ಒಂದು ವರ್ಷ ಹಿಂದಕ್ಕೆ ಹೋಗಿ, ಒಬ್ಬರಿಗೆ ಪಕ್ಷಪಾತದಿಂದ ಕೊಟ್ಟುದನ್ನು ಹಿಂತಿರುಗಿಸುವಂತೆ ಹೇಳಬಹುದು. ಅತ್ತೆಯ ಬಳೆಯ ಹಣವನ್ನು ವಾಪಸು ಕೇಳುವ ಕಾನೂನು ಕಠೋರವೆನಿಸೀತು. ಆದರೆ ನಮ್ಮ ಹುಡುಗರ ಸಂಬಳದಿಂದ ಅತ್ತೆಯ ಬಳೆ ಬಿಡಿಸಿಕೊಟ್ಟೆವು ಎಂದು ಹೇಳಿದರೆ ಹೇಗೆ ಕೇಳಿಸುತ್ತದೆ?

ಇನ್ನು ಆ ಹೆಸರಿಗೆ ಮಾತ್ರದ ಡೈರೆಕ್ಟರು. 2013ರ ಕಾಯ್ದೆಯ 166ನೆಯ ಕಲಂ ಪ್ರತಿಯೊಬ್ಬ ಡೈರೆಕ್ಟರಿಂದಲೂ ಜಾಗರೂಕತೆಯನ್ನೂ ಸ್ವತಂತ್ರ ವಿವೇಚನೆಯನ್ನೂ ಕೇಳುತ್ತದೆ. ‘ಹೆಸರಿಗೆ’ ಎಂಬ ವರ್ಗ ಅದರಲ್ಲಿಲ್ಲ. ಚೆಕ್ಕು ವಾಪಸಾದ ಪ್ರಕರಣಗಳಲ್ಲಿ, ಡೈರೆಕ್ಟರು ಎಂಬ ಒಂದೇ ಕಾರಣಕ್ಕೆ ಯಾರೂ ಅಪರಾಧಿಯಾಗುವುದಿಲ್ಲ, ವ್ಯವಹಾರದ ಹೊಣೆ ಹೊತ್ತಿರಬೇಕು ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. ಆದರೆ ಚೆಕ್ಕಿಗೆ ಸಹಿ ಹಾಕಿದವರು ಅದರ ಹೊರಗಲ್ಲ, ಎಷ್ಟೋ ಮನೆಗಳಲ್ಲಿ ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಟ್ಟಿರುವುದು ಮನೆಯಾಕೆಯೇ. ಇಲ್ಲಿ ಮೊದಲ ತಪ್ಪು ಸಹಿ ಮಾಡಿದವಳದಲ್ಲ, ಪ್ರೀತಿಯನ್ನು ಬಂಡವಾಳ ಮಾಡಿಕೊಂಡು ಸಹಿ ಮಾಡಿಸಿದವನದು ಎಂದು ನಮ್ಮ ಅಭಿಪ್ರಾಯ. ಭಾವಮೈದುನನ ವಿಚಾರ ಸ್ವಲ್ಪ ಬೇರೆ. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಕೆಳಗೆ ಡೈರೆಕ್ಟರ್ ಎಂದು ಅಚ್ಚು ಹಾಕಿಸಿಕೊಂಡವರು, ಹಾಲಿನ ಬಾಕಿ ಬಂದಾಗ ತಮಗೇನೂ ಗೊತ್ತಿಲ್ಲವೆನ್ನುವುದು ಕಿವಿಗೆ ಒಪ್ಪುವುದಿಲ್ಲ. ಗೊತ್ತಿಲ್ಲದಿರುವುದು ಸಂಭವ, ಆದರೆ ವರ್ಷಕ್ಕೊಮ್ಮೆ ಸಹಿಗೆ ಬಂದ ಅಢಾವೆ ಪತ್ರಿಕೆಯನ್ನು ಓದದೆ ತಿರುಗಿಸಿದ್ದು ಯಾರ ಕೈ?

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಕಂಪೆನಿ ಕರಗಿಹೋಗಿ ಹತ್ತು ವರ್ಷವಾಯಿತು. ಯಜಮಾನ ಪುನಃ ಎದ್ದಿದ್ದಾನೆ; ಮಗನ ಹೆಸರಿನಲ್ಲಿ ಹೊಸ ವ್ಯಾಪಾರ, ಊರಿನಲ್ಲಿ ಮನೆ, ದೇವಸ್ಥಾನಕ್ಕೆ ಹೊಸ ಬಾಗಿಲು. ಹಳೆಯ ಸಾಲ ಕಂಪೆನಿಯೊಡನೆ ಸತ್ತಿದೆ. ಕಾನೂನಿನಲ್ಲಿ ಅವನು ಯಾರಿಗೂ ಏನೂ ಕೊಡಬೇಕಾಗಿಲ್ಲ. ಹಿಂದಿನ ನಂಬಿಕೆಯ ಸಾಲವನ್ನು ಅವನು ತೀರಿಸಿದರೆ ದೊಡ್ಡವನು, ತೀರಿಸದಿದ್ದರೆ ದೂರುವ ಅಧಿಕಾರ ನಮಗಿಲ್ಲ. ಲೆಕ್ಕ ಹಾಕಿ ತಿಳಿದ ಆ ರಾತ್ರಿಯ ಆಚೆಗಿನ ಬಾಕಿ ಬೇರೆ. ಅದನ್ನು ತೀರಿಸದೆ ಮಾಡಿಸಿದ ದೇವಸ್ಥಾನದ ಬಾಗಿಲಿನಲ್ಲಿ ಒಂದು ಹಲಗೆಯಾದರೂ ಇನ್ನೊಬ್ಬನದು. ಈಗ ಹೋಗಿ ಕೊಟ್ಟರೆ ಕಾನೂನು ಅದನ್ನು ದಾನವೆಂದು ಬರೆದುಕೊಂಡೀತು, ಬರೆದುಕೊಳ್ಳಲಿ. ಮೊತ್ತವೆಷ್ಟೆಂದು ಹಳೆಯ ವಹಿಯಲ್ಲಿ ಸಿಗಬಹುದು. ಹಾಲಿನವನು ಸಿಗುವುದೇ ಕಷ್ಟ. ಇಷ್ಟು ವರ್ಷಗಳಲ್ಲಿ ಅವನೂ ಬಡಾವಣೆ ಬದಲಾಯಿಸಿರುತ್ತಾನೆ, ಇಲ್ಲವೆ ತನ್ನ ಊರಿಗೆ ಹಿಂದಿರುಗಿರುತ್ತಾನೆ.